ಆಮ್ಲಜನಕ ಕಡಿಮೆಯಾದದ್ದು ಕಿಡ್ನಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಆಮ್ಲಜನಕ ಸಾಲದಿದ್ದಾಗ ಮೂತ್ರಪಿಂಡ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ, ಅದರಿಂದ ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳು ಹೆಚ್ಚು ಹುಟ್ಟುತ್ತವೆ ಎಂದು ಪ್ರಥಮ ಪಿಯು ತರಗತಿಯಲ್ಲಿ ಪಾಠ ಮಾಡಿದೆ. ‘ಆಮ್ಲಜನಕ ಇದ್ದರೆ ಅದು ಯಾವುದಕ್ಕಾದರೂ ಅಂಟಿಕೊಂಡು ಸುದ್ದಿ ಮುಟ್ಟಿಸಬಹುದು, ಇಲ್ಲದಿರುವ ವಸ್ತು ಸುದ್ದಿ ಮುಟ್ಟಿಸುವುದು ಹೇಗೆ ಮೇಡಂ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. ದಯವಿಟ್ಟು ವಿವರಿಸಿ.
– ಜೀವಶಾಸ್ತ್ರ ಉಪನ್ಯಾಸಕಿ, ಹಾಸನ

ಉತ್ತರ: ಇದೇ ಪ್ರಶ್ನೆಯ ಬೆನ್ನು ಹತ್ತಿದ ಗ್ರೆಗ್ ಸೆಮೆನ್ಜಾ, ಪೀಟರ್ ರಾಟ್‌ಕ್ಲಿಫ್ ಮತ್ತು ವಿಲಿಯಂ ಕೆಲಿನ್ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ನಿಮ್ಮ ವಿದ್ಯಾರ್ಥಿನಿಯ ಅನುಮಾನ ಸರಿಯಾದದ್ದೇ. ಜೀವಕೋಶವು ಕೊರತೆಯನ್ನು ನೇರವಾಗಿ ಗುರುತಿಸುವುದಿಲ್ಲ. ಅದು ಗುರುತಿಸುವುದು ಆಮ್ಲಜನಕದ ಇರುವಿಕೆಯನ್ನೇ.

ನಮ್ಮ ಬಹುತೇಕ ಎಲ್ಲ ಕೋಶಗಳೂ ಹಿಫ್-ಆಲ್ಫಾ ಎಂಬ ಪ್ರೋಟೀನನ್ನು, ಬೇಕಿರಲಿ ಬೇಡದಿರಲಿ, ಸದಾ ತಯಾರಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿರುವಾಗ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಆಮ್ಲಜನಕದ ಅಣುವಿನಿಂದ ಒಂದು ಪರಮಾಣುವನ್ನು ತೆಗೆದು ಈ ಪ್ರೋಟೀನಿನ ನಿರ್ದಿಷ್ಟ ಪ್ರೋಲಿನ್‌ಗೆ (ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲೊಂದು) ಜೋಡಿಸುತ್ತದೆ. ಹಿಫ್-1 ಆಲ್ಫಾದಲ್ಲಿ ಇಂಥ ಜಾಗಗಳು ಎರಡು, 402 ಮತ್ತು 564ನೆಯ ಸ್ಥಾನಗಳು. ಈ ಗುರುತು ಬಿದ್ದ ಪ್ರೋಟೀನನ್ನು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಹಿಡಿದು, ‘ಇದನ್ನು ಒಡೆಯಿರಿ’ ಎಂಬ ಚೀಟಿಯಂಥ ಯುಬಿಕ್ವಿಟಿನ್ ಸರಪಳಿ ತೊಡಿಸಿ, ಪ್ರೋಟೀನುಗಳನ್ನು ಒಡೆಯುವ ಯಂತ್ರವಾದ ಪ್ರೋಟಿಯಸೋಮಿನಲ್ಲಿ ಚೂರಾಗಲು ಕಳಿಸುತ್ತದೆ. ಹೀಗಾಗಿ ಆಮ್ಲಜನಕವಿರುವ ಕೋಶದಲ್ಲಿ ಹಿಫ್-1 ಆಲ್ಫಾದ ಅರ್ಧಾಯುಷ್ಯ ಸುಮಾರು 5 ನಿಮಿಷ ಮಾತ್ರ. ಆಮ್ಲಜನಕ ಇಳಿದಾಗ ಅದನ್ನೇ ಕಚ್ಚಾವಸ್ತುವಾಗಿ ಬಳಸುವ ಕಿಣ್ವದ ಕೆಲಸ ನಿಧಾನವಾಗುತ್ತದೆ, ಗುರುತು ಬೀಳದ ಹಿಫ್ ಉಳಿದುಕೊಳ್ಳುತ್ತದೆ, ಕೋಶಕೇಂದ್ರಕ್ಕೆ ಹೋಗಿ ತನ್ನ ಜೊತೆಗಾರ ಪ್ರೋಟೀನಿನೊಡನೆ ಸೇರಿ, ಎರಿಥ್ರೊಪೊಯೆಟಿನ್ ಜೀನಿನ ಬಳಿಯ ಡಿಎನ್‌ಎ ತುಣುಕಿಗೆ ಅಂಟಿಕೊಂಡು ಆ ಜೀನನ್ನು ಚುರುಕುಗೊಳಿಸುತ್ತದೆ. ತಳ ತೂತಾದ ಕೊಡಕ್ಕೆ ಒಂದೇ ಸಮನೆ ನೀರು ಸುರಿಯುತ್ತಿದ್ದು, ತೂತು ಕಟ್ಟಿಕೊಂಡಾಗ ಕೊಡ ತುಂಬುವ ಹಾಗೆ ಎಂದು ತರಗತಿಯಲ್ಲಿ ಹೇಳಬಹುದು. ಮಾಡಿದ್ದನ್ನು ಮಾಡಿದ ಹಾಗೆಯೇ ಒಡೆಯುವುದು ದುಂದು ಎನ್ನಿಸಿದರೂ, ಅಗತ್ಯ ಬಿದ್ದಾಗ ಹೊಸದಾಗಿ ತಯಾರಿ ಆರಂಭಿಸಬೇಕಿಲ್ಲವಾದ್ದರಿಂದ ಕೋಶವು ನಿಮಿಷಗಳಲ್ಲೇ ಸ್ಪಂದಿಸುತ್ತದೆ.

ಈ ಕಿಣ್ವಕ್ಕೆ ಕಬ್ಬಿಣವೂ ಬೇಕು. ಕೋಬಾಲ್ಟ್ ಲವಣ ಕೊಟ್ಟರೆ ಕೆಂಪು ರಕ್ತಕಣಗಳು ಹೆಚ್ಚುತ್ತವೆ ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ತಿಳಿದಿತ್ತು. ಕಳೆದ ಶತಮಾನದ ಮಧ್ಯಭಾಗದಲ್ಲಿ ರಕ್ತಹೀನತೆಗೆ ಅದನ್ನು ಔಷಧವಾಗಿಯೂ ಕೊಡುತ್ತಿದ್ದರು. ಕೋಬಾಲ್ಟ್ ಕಿಣ್ವದ ಕೆಲಸಕ್ಕೆ ಅಡ್ಡ ಬಂದು ಹಿಫ್ ಒಡೆಯುವುದನ್ನು ತಡೆಯುತ್ತದೆ ಎಂಬ ವಿವರಣೆ ಈ ಸಂಶೋಧನೆಯ ನಂತರವೇ ದೊರಕಿತು.

ವಿಎಚ್‌ಎಲ್‌ನ ಸುಳಿವು ಸಿಕ್ಕಿದ್ದು ರೋಗಿಗಳಿಂದ. ಈ ಜೀನ್ ಕೆಟ್ಟ ಕುಟುಂಬಗಳಲ್ಲಿ ಕಣ್ಣಿನ ಅಕ್ಷಿಪಟಲ, ಕಿರುಮೆದುಳು ಮತ್ತು ಕಿಡ್ನಿಗಳಲ್ಲಿ ರಕ್ತನಾಳ ತುಂಬಿದ ಗೆಡ್ಡೆಗಳು ಬೆಳೆಯುತ್ತವೆ, ಕೆಲವರಲ್ಲಿ ಕೆಂಪು ರಕ್ತಕಣಗಳೂ ಅತಿಯಾಗುತ್ತವೆ. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆಯ ಕೋಶಗಳು ಇಲ್ಲದವರಂತೆ ನಡೆದುಕೊಳ್ಳುವುದನ್ನು ಕ್ಯಾನ್ಸರ್ ತಜ್ಞ ಕೆಲಿನ್ ಗಮನಿಸಿದರು. ವಿಎಚ್‌ಎಲ್ ಮತ್ತು ಹಿಫ್ ನಡುವಿನ ನಂಟನ್ನು ರಾಟ್‌ಕ್ಲಿಫ್ ತಂಡ 1999ರಲ್ಲಿ ತೋರಿಸಿತು. ಆ ನಂಟು ಕುದುರುವುದು ಆಮ್ಲಜನಕದ ಗುರುತಿನಿಂದ ಎಂಬುದನ್ನು 2001ರಲ್ಲಿ ಎರಡೂ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದವು.

ಎಲ್ಲ ಕೋಶಗಳಲ್ಲೂ ಈ ವ್ಯವಸ್ಥೆ ಇರುವಾಗ ಕೆಂಪು ರಕ್ತಕಣಗಳ ಉಸ್ತುವಾರಿ ಕಿಡ್ನಿಗೇ ಏಕೆ ಎಂಬ ಪ್ರಶ್ನೆಯನ್ನೂ ಅವಳು ನಾಳೆ ಕೇಳಬಹುದು. ಕಿಡ್ನಿಯು ಬಳಸುವ ಆಮ್ಲಜನಕದ ಬಹುಪಾಲು, ಸೋಸಿಹೋದ ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುವುದಕ್ಕೆ ವೆಚ್ಚವಾಗುತ್ತದೆ. ರಕ್ತದ ಹರಿವು ತಗ್ಗಿದರೆ ಸೋಸುವಿಕೆಯೂ ತಗ್ಗಿ ಕೆಲಸದ ಹೊರೆಯೂ ಇಳಿಯುವುದರಿಂದ, ಹರಿವಿನ ಸಣ್ಣಪುಟ್ಟ ಏರಿಳಿತಕ್ಕೆ ಅಲ್ಲಿನ ಆಮ್ಲಜನಕದ ಮಟ್ಟ ಅಷ್ಟಾಗಿ ಅಲುಗಾಡುವುದಿಲ್ಲ. ರಕ್ತವು ಹೊತ್ತು ತರುವ ಆಮ್ಲಜನಕವೇ ಕಡಿಮೆಯಾದಾಗ ಮಾತ್ರ ಅದು ಸ್ಪಷ್ಟವಾಗಿ ಕುಸಿಯುತ್ತದೆ. ಹಿಮೋಗ್ಲೋಬಿನ್ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ದೇಹದಲ್ಲಿ ಸಿಗುವುದು ಕಷ್ಟ.

ಒಂದು ತಿದ್ದುಪಡಿಯನ್ನೂ ಹೇಳಲೇಬೇಕು. ನಮ್ಮ ಪಿಯು ಕಾಲೇಜುಗಳು ಬಳಸುವ ಎನ್‌ಸಿಇಆರ್‌ಟಿ ಪುಸ್ತಕ, ಈ ಹಾರ್ಮೋನನ್ನು ಜಕ್ಸ್ಟಾಗ್ಲೊಮೆರುಲರ್ ಕೋಶಗಳು ತಯಾರಿಸುತ್ತವೆ ಎನ್ನುತ್ತದೆ. ಆ ಕೋಶಗಳ ಕೆಲಸ ರಕ್ತದೊತ್ತಡದ ನಿಯಂತ್ರಣಕ್ಕೆ ಬೇಕಾದ ರೆನಿನ್ ಸ್ರವಿಸುವುದು. ಎರಿಥ್ರೊಪೊಯೆಟಿನ್ ಹುಟ್ಟುವುದು ಕಿಡ್ನಿಯ ನಳಿಕೆಗಳ ನಡುವಿನ ಅಂಗಾಂಶದಲ್ಲಿರುವ, ಫೈಬ್ರೊಬ್ಲಾಸ್ಟ್ ಮಾದರಿಯ ಕೋಶಗಳಲ್ಲಿ. ಕುತೂಹಲದ ಸಂಗತಿಯೆಂದರೆ, ಇಲಿಗಳ ರೆನಿನ್ ಕೋಶಗಳಲ್ಲಿ ವಿಎಚ್‌ಎಲ್ ಜೀನನ್ನು ತೆಗೆದುಹಾಕಿದಾಗ ಅವು ರೆನಿನ್ ಬಿಟ್ಟು ಎರಿಥ್ರೊಪೊಯೆಟಿನ್ ತಯಾರಿಸತೊಡಗಿದವು; ಆದರೆ ಅದು ಪ್ರಯೋಗಾಲಯದ ಮಾತು. ನೀಟ್ ಪರೀಕ್ಷೆ ಬರೆಯುವ ಮಕ್ಕಳು ಪುಸ್ತಕದಲ್ಲಿರುವುದನ್ನೇ ಗುರುತು ಹಾಕಲಿ, ತರಗತಿಯಲ್ಲಿ ಮಾತ್ರ ಸರಿಯಾದದ್ದನ್ನು ಹೇಳಿಬಿಡಿ.

ಪ್ರಶ್ನೆ: ಡಯಾಲಿಸಿಸ್‌ನಲ್ಲಿರುವ ನಮ್ಮ ತಂದೆಯವರಿಗೆ ರಕ್ತ ಹೆಚ್ಚಿಸಲು ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೊಡುತ್ತಿದ್ದರು. ಈಗ ಅದರ ಬದಲು ಡೆಸಿಡುಸ್ಟಾಟ್ ಮಾತ್ರೆ ಬರೆದಿದ್ದಾರೆ. ಕಿಡ್ನಿಯೇ ಕೆಟ್ಟಿರುವಾಗ ಮಾತ್ರೆಯಿಂದ ಕಿಡ್ನಿಯ ಹಾರ್ಮೋನು ಬರುವುದು ಸಾಧ್ಯವೆ?
– ಓದುಗರು, ದಾವಣಗೆರೆ

ಉತ್ತರ: ಸಾಧ್ಯ. ಇಂಜೆಕ್ಷನ್ ಹಾರ್ಮೋನನ್ನು ಹೊರಗಿನಿಂದ ಕೊಡುತ್ತದೆ. ಈ ಮಾತ್ರೆಯು ಮೇಲೆ ಹೇಳಿದ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವವನ್ನು ತಡೆದು, ಆಮ್ಲಜನಕ ಕಡಿಮೆಯಾದಾಗ ಆಗುವುದನ್ನೇ ಕೋಶದೊಳಗೆ ಆಗುವಂತೆ ಮಾಡುತ್ತದೆ. ಕಾಯಿಲೆಯ ಕಿಡ್ನಿಯಲ್ಲಿ ಹಾರ್ಮೋನು ತಯಾರಿಸುವ ಕೋಶಗಳು ನಾರು ಹೆಣೆಯುವ ಕೋಶಗಳಾಗಿ ಬದಲಾಗಿದ್ದರೂ ಆ ಸಾಮರ್ಥ್ಯವನ್ನು ಪೂರ್ತಿ ಕಳೆದುಕೊಂಡಿರುವುದಿಲ್ಲ. ಜೊತೆಗೆ ಗರ್ಭದಲ್ಲಿದ್ದಾಗ ಈ ಕೆಲಸ ಮಾಡುತ್ತಿದ್ದ ಯಕೃತ್ತು ಕೂಡ ಸ್ವಲ್ಪ ನೆರವಾಗುತ್ತದೆ. ಕಬ್ಬಿಣ ಹೀರಿಕೊಳ್ಳುವುದಕ್ಕೆ ತಡೆಯೊಡ್ಡುವ ಹೆಪ್ಸಿಡಿನ್ ಮಟ್ಟವೂ ಇಳಿಯುವುದು ಇನ್ನೊಂದು ಅನುಕೂಲ. ಡೆಸಿಡುಸ್ಟಾಟ್ ಅನ್ನು ಅಭಿವೃದ್ಧಿಪಡಿಸಿದ್ದು ಅಹಮದಾಬಾದಿನ ಝೈಡಸ್ ಕಂಪನಿ. 2022ರಲ್ಲಿ ಭಾರತದಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಆದರೆ ಹಿಫ್ ನಿಯಂತ್ರಿಸುವುದು ಒಂದೇ ಜೀನನ್ನಲ್ಲ; ಹೊಸ ರಕ್ತನಾಳ ಬೆಳೆಸುವ ಜೀನ್‌ಗಳೂ ಅದರ ಹತೋಟಿಯಲ್ಲಿವೆ. ಆದ್ದರಿಂದ ತಂದೆಯವರಿಗೆ ಹಿಂದೆ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಅಥವಾ ಸಕ್ಕರೆ ಕಾಯಿಲೆಯಿಂದ ಕಣ್ಣಿನ ತೊಂದರೆಯಿದ್ದರೆ ಕಿಡ್ನಿ ತಜ್ಞರಿಗೆ ಮರೆಯದೆ ತಿಳಿಸಿ. ಹಿಮೋಗ್ಲೋಬಿನ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಎಣಿಕೆಯೂ ಬೇಡ. ಡಯಾಲಿಸಿಸ್ ಹಂತಕ್ಕೆ ಬಾರದ ಮಧುಮೇಹಿ ಕಿಡ್ನಿ ರೋಗಿಗಳ ಮೇಲೆ ಇಂಜೆಕ್ಷನ್ ಬಳಸಿ ನಡೆಸಿ 2009ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ಹಿಮೋಗ್ಲೋಬಿನ್ನನ್ನು ಡೆಸಿಲೀಟರಿಗೆ 13 ಗ್ರಾಂಗೆ ಏರಿಸಲು ಹೊರಟ ಗುಂಪಿನಲ್ಲಿ ಪಾರ್ಶ್ವವಾಯು ಸುಮಾರು ಎರಡು ಪಟ್ಟಾಗಿತ್ತು. ಮಾತ್ರೆ ಬದಲಾದ ಮೊದಲ ಕೆಲವು ತಿಂಗಳು ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಗಳನ್ನು ತಜ್ಞರು ಹೇಳಿದ ದಿನಕ್ಕೇ ಮಾಡಿಸಿ, ಒಂದು ಹೊತ್ತಿನ ಮಾತ್ರೆ ತಪ್ಪಿದರೆ ನೀವಾಗಿಯೇ ಮುಂದಿನ ಬಾರಿ ಎರಡು ಕೊಡಬೇಡಿ.