ನರ್ಸ್‌ಗಳು ತರಬೇತಿಗೆ ಬರುವುದು ಬರೀ ಅಂಕಕ್ಕಾ?

ನಿಮ್ಮ ತರಬೇತಿಗೆ ಬರುವ ನರ್ಸ್‌ಗಳು ಸಹಿ ಹಾಕಿ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಾರೆ, ಅವರಿಗೆ ಬೇಕಿರುವುದು ಬರೀ ಅಂಕವೇ ಅಂತ ಕೇಳಿದ್ದೀರಿ. ಅಂಕವೂ ಬೇಕು, ಸುಳ್ಳು ಯಾಕೆ ಹೇಳಲಿ? ನರ್ಸ್ ನೋಂದಣಿಯ ನವೀಕರಣಕ್ಕೆ ತರಬೇತಿಯ ಅಂಕ ತೋರಿಸಬೇಕಲ್ವಾ. ಆದರೆ ಅಂಕ ಜನರನ್ನು ಬಾಗಿಲವರೆಗೆ ತರುತ್ತದೆ, ಅಷ್ಟೇ.

ನಾನೂ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ನನ್ನ ಕೊರತೆ ರೋಗಿಯ ಮುಂದೆಯೇ ಬಯಲಾದಾಗಲೇ ನಾನು ಮನಸ್ಸಿಟ್ಟು ಕಲಿತದ್ದು. ಸಿಪಿಆರ್ ತೆಗೆದುಕೊಳ್ಳಿ, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ. ನಾನು ಕಲಿತಾಗ ಮೊದಲು ಶ್ವಾಸನಾಳ ತೆರೆಯುವುದು, ಆಮೇಲೆ ಉಸಿರು ಕೊಡುವುದು, ಕೊನೆಗೆ ಎದೆ ಒತ್ತುವುದು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಕ್ರಮವನ್ನೇ ಬದಲಿಸಿತು: ಮೊದಲು ಎದೆ ಒತ್ತಿ. ಆಮೇಲೊಮ್ಮೆ ತುರ್ತಿನಲ್ಲಿ ನನ್ನ ಕೈ ಅಭ್ಯಾಸಬಲದಿಂದ ಶ್ವಾಸನಾಳ ತೆರೆಯಲು ರೋಗಿಯ ಗಲ್ಲದ ಕಡೆ ಹೋಯಿತು. ಪಕ್ಕದಲ್ಲಿದ್ದ ಕಿರಿಯಳು ಆಗಲೇ ಒತ್ತಲು ಶುರು ಮಾಡಿದ್ದಳು. ಎಂಥ ನಾಚಿಕೆ! ಮುಂದಿನ ತರಬೇತಿಯಲ್ಲಿ ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಿ ಒತ್ತಿ ಬೆವರಿಳಿಯಿತು. ಮೊಬೈಲ್ ನೆನಪೇ ಆಗಲಿಲ್ಲ.

ಕೆಲವರು ಸುಮ್ನೆ ಬೇರೆ ವಾರ್ಡ್‌ನವರ ಜೊತೆ ಮಾತಾಡಲು ಬರುತ್ತಾರೆ. ಅದೂ ತಪ್ಪಲ್ಲ. 1961ರಲ್ಲೇ ವಯಸ್ಕರ ಶಿಕ್ಷಣದ ಅಮೆರಿಕನ್ ವಿದ್ವಾಂಸ ಸಿರಿಲ್ ಹೌಲ್ ಕಲಿಯುವ ವಯಸ್ಕರನ್ನು ಮೂರು ಬಗೆ ಮಾಡಿದ್ದರು: ಗುರಿಗಾಗಿ ಬರುವವರು, ಜೊತೆಗಾಗಿ ಬರುವವರು, ಕಲಿಕೆಗಾಗಿಯೇ ಬರುವವರು. ಒಬ್ಬರಲ್ಲೇ ಮೂರೂ ಇರಬಹುದು.

ಸ್ಲೈಡ್ ಕಡಿಮೆ ಮಾಡಿ. ವಾರ್ಡ್‌ನಲ್ಲಿ ಎಡವಿದ ಒಂದು ಕೇಸನ್ನು ಹೆಸರು ತೆಗೆದು ಮುಂದಿಡಿ, ಚರ್ಚೆಗೆ ಬಿಡಿ. ಇನ್ನೊಂದು ಮಾತು. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ 9ಕ್ಕೆ ಕೂರಿಸಿ ಆಸಕ್ತಿಯಿಲ್ಲ ಅನ್ನಬೇಡಿ. ಅವರಿಗೆ ಬಂದಿರುವುದು ನಿದ್ದೆ.