ಪ್ರಕರಣ: ಕಳೆದುಹೋದ ಮಳೆ ಲೆಕ್ಕ

ಶಿರಸಿ ತಾಲ್ಲೂಕಿನ ಅಡಿಕೆ ಕೃಷಿಕರೊಬ್ಬರು, ಅರವತ್ತು ದಾಟಿದವರು, ಮಗಳ ಒತ್ತಾಯಕ್ಕೆ ಮೇ ತಿಂಗಳಲ್ಲಿ ನನ್ನಲ್ಲಿಗೆ ಸಲಹೆಗೆಂದು ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ದೆಯಿಲ್ಲ, ತೋಟಕ್ಕೆ ಇಳಿಯಲು ಮನಸ್ಸಿಲ್ಲ ಎಂದರು. ಕಾರಣ ಹೇಳಲು ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಮನೆಯವರು ಅದನ್ನು ಕಾರಣವೆಂದೇ ಒಪ್ಪಿರಲಿಲ್ಲ.

ಅಂಗಳದ ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ 8.30ಕ್ಕೆ ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆದಿಡುವುದು ಅವರ ಹವ್ಯಾಸ. 1994ರಿಂದ 2008ರವರೆಗೆ ನೋಟುಪುಸ್ತಕ, ಆಮೇಲೆ ಕಂಪ್ಯೂಟರು. ಮಿಲಿಮೀಟರಿನ ಪಕ್ಕದಲ್ಲೇ ಅಡಿಕೆಗೆ ಕೊಳೆರೋಗ ಮೊದಲು ಕಂಡ ದಿನ, ಅದಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದ ದಿನ, ಹೊಳೆಗೆ ಕೆನ್ನೀರು ಬಂದ ದಿನ. ಏಪ್ರಿಲ್‌ನ ಒಂದು ಸಂಜೆ ಸಿಡಿಲಿಗೆ ಕರೆಂಟು ಹೋಗಿ ಬಂದ ಮೇಲೆ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ಇದ್ದೊಂದು ಪ್ರತಿಯ ಪೆನ್‌ಡ್ರೈವ್ ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಇದ್ದುದರಿಂದ ಅದೂ ಕೆಟ್ಟಿತು. "ಲೆಕ್ಕ ಹೋದರೆ ಮಳೆ ಹೋದ ಹಾಗಾ?" ಎಂದು ಮಗ ಸಮಾಧಾನಕ್ಕೆ ಆಡಿದ ಮಾತು ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತ್ತು.

ಇದು ನಿಜವಾದ ದುಃಖ, ಇದಕ್ಕೆ ನಾಚಬೇಕಿಲ್ಲ ಎಂದು ಮೊದಲು ಹೇಳಿದೆ. ಹೀಗೆ ಬಂದವರಲ್ಲಿ ನಷ್ಟಕ್ಕಿಂತ 'ನಾನೇ ಕೆಡಿಸಿಕೊಂಡೆ' ಎಂಬ ಕೊರಗೇ ಹೆಚ್ಚು ಕಾಡುವುದನ್ನು ಕಂಡಿದ್ದೇನೆ. ಇವರು ರಾತ್ರಿ ಮಲಗುವ ಮುನ್ನ ಆ ಡಿಸ್ಕನ್ನು ಚಾಲೂ ಮಾಡಿ ನೋಡುತ್ತಿದ್ದರು. ಆ ಶಬ್ದ ಬಹುಮಟ್ಟಿಗೆ ಓದುವ ಹೆಡ್ ಕೆಟ್ಟಿರುವುದರ ಸೂಚನೆ, ಪ್ರತಿ ಸಲದ ಪ್ರಯತ್ನವೂ ಮಾಹಿತಿ ಇರುವ ಒಳಗಿನ ತಟ್ಟೆಯನ್ನು ಕೆರೆಯಬಹುದು; ಆದ್ದರಿಂದ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದಿಟ್ಟು, ಎಷ್ಟು ಖರ್ಚು ಮಾಡಬಹುದೆಂದು ಮನೆಯಲ್ಲಿ ಮೊದಲೇ ನಿಶ್ಚಯಿಸಿ, ದತ್ತಾಂಶ ಮರುಪಡೆಯುವ ಪರಿಣತರಿಗೆ ಕೊಡಲು ತಿಳಿಸಿದೆ.

ಮಗಳಿಗೆ ಕಳಿಸಿದ ಇಮೇಲು, ಗೆಳೆಯರಿಗೆ ಹಾಕಿದ ವಾಟ್ಸಾಪ್ ಸಂದೇಶಗಳಲ್ಲಿ ತಿಂಗಳ ಮೊತ್ತಗಳು ಸಿಕ್ಕವು. ಉಳಿದುದನ್ನು ನೆನಪಿನಿಂದ ತುಂಬುತ್ತೇನೆ ಎಂದಾಗ ಮಾತ್ರ ನಾನು ಗಟ್ಟಿಯಾಗಿ ಬೇಡವೆಂದೆ. ಸೊನ್ನೆ ಎಂದರೆ ಮಳೆ ಬಂದಿಲ್ಲ ಎಂದು, ಖಾಲಿ ಎಂದರೆ ಗೊತ್ತಿಲ್ಲ ಎಂದು. ಊಹೆಯ ಅಂಕಿ ಸೇರಿದರೆ ಉಳಿದ ನಿಜವಾದ ಅಂಕಿಗಳ ಮೇಲೂ ಅವರಿಗೇ ನಂಬಿಕೆ ಹೋಗುತ್ತದೆ. ಇದನ್ನು ಒಪ್ಪಿಕೊಳ್ಳಲು ಅವರಿಗೆ ಎರಡು ಭೇಟಿ ಬೇಕಾಯಿತು.

ಹೊಸ ಕಂಪ್ಯೂಟರಿಗೆ ಮೂರು ಪ್ರತಿಗಳ ಕ್ರಮ ಹಾಕಿಕೊಂಡೆವು: ಒಂದು ಯಂತ್ರದಲ್ಲಿ, ಒಂದು ಭಾನುವಾರ ಮಾತ್ರ ಸಿಕ್ಕಿಸಿ ಬಿಚ್ಚಿಡುವ ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಹುಬ್ಬಳ್ಳಿಯ ಮಗಳ ಮನೆಯಲ್ಲಿ. ಗೂಗಲ್ ಡ್ರೈವ್ ಸಾಲದೇ ಎಂದು ಕೇಳಿದರು. ಅದರ ಉಚಿತ 15 ಜಿಬಿ ಜಾಗ ಮಳೆ ಲೆಕ್ಕಕ್ಕೆ ಧಾರಾಳವಾಯಿತು, ಆದರೆ ತಾನಾಗಿ ಹೊಂದಿಕೊಳ್ಳುವ (ಸಿಂಕ್ ಆಗುವ) ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹಾಗಾಗಿ ಅದು ಜೊತೆಗಿರಲಿ, ತಿಂಗಳಿಗೊಮ್ಮೆ ದಿನಾಂಕ ಹಾಕಿದ ಬೇರೆ ಕಡತ ಉಳಿಯಲಿ ಎಂದೆ. ಮಗಳು ಪ್ರತಿ ಮೂರು ತಿಂಗಳಿಗೆ ತನ್ನ ಪ್ರತಿಯನ್ನು ತೆರೆದು, ಯಾವುದಾದರೊಂದು ದಿನದ ಅಂಕಿಯನ್ನು ಫೋನಿನಲ್ಲಿ ಓದಿ ಹೇಳಬೇಕೆಂಬುದು ಅವರದೇ ಸಲಹೆ.

ಜೂನ್ ಕೊನೆಗೆ ಬಂದಾಗ ನಿದ್ದೆ ಸುಧಾರಿಸಿತ್ತು. ಹಳೆಯ ನೋಟುಪುಸ್ತಕಗಳ ಪುಟಗಳ ಫೋಟೋ ತೆಗೆಯುವ ಕೆಲಸವನ್ನು ಮಗ ಹಿಡಿದಿದ್ದಾನೆ, 1997ಕ್ಕೆ ಬಂದಿದ್ದಾನೆ ಎಂದರು.