ಹಸಿರಾದ ಪೂಲ್‌ಗೆ ಎಷ್ಟು ಕ್ಲೋರಿನ್? ಪಾಂಡವಪುರದ ಅಣ್ಣನಿಗೆ ಉತ್ತರ

ಅಣ್ಣ, ನಮಸ್ಕಾರ. ತಡವಾಗಿ ನೋಡಿದೆ. ನೀವು ಹೇಳಿದ್ದನ್ನು ಒಮ್ಮೆ ಬರೆದುಕೊಳ್ಳುತ್ತೇನೆ, ಎಲ್ಲರಿಗೂ ಗೊತ್ತಾಗಲಿ. ಪಾಂಡವಪುರದ ಹತ್ತಿರ ತೋಟದ ಮನೆ. 24 ಅಡಿಗೆ 12 ಅಡಿ ಪೂಲ್, ಒಂದು ತುದಿಯಲ್ಲಿ ಮೂರಡಿ ನೀರು, ಇನ್ನೊಂದು ತುದಿಯಲ್ಲಿ ಐದಡಿ. ಕಟ್ಟಿಕೊಟ್ಟವರು 50,000 ಲೀಟರ್ ಅಂದಿದ್ದಾರೆ. ನವೆಂಬರ್‌ನಿಂದ ಇಲ್ಲಿವರೆಗೆ 200 ಗ್ರಾಂನ ಟಿಸಿಸಿಎ ಮಾತ್ರೆ (ನಿಧಾನಕ್ಕೆ ಕರಗೋ ಕ್ಲೋರಿನ್ ಮಾತ್ರೆ) 36 ಹಾಕಿದ್ದೀರಿ. ಮಳೆ ಬಂದ ಮೇಲೆ ನೀರು ಹಸಿರಾಗಿದೆ, ಆದರೂ ಕಿಟ್‌ನಲ್ಲಿ ಕ್ಲೋರಿನ್ 3 ತೋರಿಸುತ್ತಿದೆ. ಇಲ್ಲಿ ಒಬ್ಬರು ಐದು ಕೆಜಿ ಬ್ಲೀಚಿಂಗ್ ಪೌಡರ್ ಸುರಿಯಿರಿ ಅಂದರು, ಇನ್ನೊಬ್ಬರು ಅರ್ಧ ಕೆಜಿ ಸಾಕು ಅಂದರು.

ಎರಡನ್ನೂ ಮಾಡಬೇಡಿ. ಇಬ್ಬರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಇಬ್ಬರೂ ಕೆಜಿಯಲ್ಲಿ ಹೇಳಿದ್ದಾರೆ. ಕ್ಲೋರಿನ್ ಲೆಕ್ಕ ಕೆಜಿಯಿಂದ ಶುರುವಾಗಲ್ಲ. ನೀರು ಎಷ್ಟು ಲೀಟರ್, ಪುಡಿಯಲ್ಲಿ ಶಕ್ತಿ ಎಷ್ಟು, ನೀರಿನಲ್ಲಿ ಸ್ಟೆಬಿಲೈಜರ್ (ಬಿಸಿಲಿಗೆ ಕ್ಲೋರಿನ್ ಹಾರದಂತೆ ಹಿಡಿಯೋ ಪದಾರ್ಥ) ಎಷ್ಟು ಸೇರಿದೆ, ಈ ಮೂರು ಗೊತ್ತಾದರೆ ಕೆಜಿ ತಾನಾಗಿ ಬರುತ್ತೆ. ನಾನು ಇಲವಾಲದ ಹತ್ತಿರ ನಮ್ಮ ಮನೆಯ ಪೂಲ್ ಅನ್ನು ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊದಲೆರಡು ವರ್ಷ ನಾನೂ ಮಗ್ಗಿನ ಲೆಕ್ಕದಲ್ಲೇ ಹಾಕುತ್ತಿದ್ದೆ.

ಮೊದಲು ಲೀಟರ್. 50,000 ಅನ್ನೋದು ತಪ್ಪು. ಉದ್ದ 24, ಅಗಲ 12, ಆಳ ಸರಾಸರಿ 4 ಅಡಿ (3 ಮತ್ತು 5 ಕೂಡಿಸಿ ಅರ್ಧ). ಗುಣಿಸಿದರೆ 1,152 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ಸುಮಾರು 32,600 ಲೀಟರ್. 33 ಸಾವಿರ ಅಂತ ಇಟ್ಟುಕೊಳ್ಳಿ. 50 ಸಾವಿರ ಎಲ್ಲಿಂದ ಬಂತು ಅಂದರೆ, ಆಳದ ಕಡೆಯ ಗೋಡೆ ಆರಡಿ ಇರಬೇಕು, 24 × 12 × 6 ಹಾಕಿದರೆ ಸರಿಯಾಗಿ 49 ಸಾವಿರ ಬರುತ್ತೆ. ಗೋಡೆ ಅಳೆದಿದ್ದಾರೆ, ನೀರು ಅಳೆದಿಲ್ಲ. ಈ ಒಂದು ತಪ್ಪಿನಿಂದಲೇ ನೀವು ಹಾಕೋ ಪ್ರತಿ ಪುಡಿ ಒಂದೂವರೆ ಪಟ್ಟು ಆಗುತ್ತೆ. ಒಂದು ಉದ್ದ ಕೋಲು ಇಳಿಸಿ, ನೀರು ಒದ್ದೆ ಮಾಡಿದ ಗುರುತಿನವರೆಗೆ ಟೇಪ್ ಹಿಡಿದು ನೋಡಿ.

ಇನ್ನು ಲೆಕ್ಕದ ಮೂಲ ಬಹಳ ಸುಲಭ. ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಅಪ್ಪಟ ಕ್ಲೋರಿನ್ ಹಾಕಿದರೆ ಒಂದು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮ ಪೂಲ್‌ಗೆ ಒಂದು ಪಿಪಿಎಂ ಏರಿಸಲು 33 ಗ್ರಾಂ ಅಪ್ಪಟ ಕ್ಲೋರಿನ್ ಬೇಕು. ಆದರೆ ಅಂಗಡಿಯಲ್ಲಿ ಅಪ್ಪಟ ಸಿಗಲ್ಲ. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಶೇ 30ರ ಆಸುಪಾಸು. ಪೂಲ್ ಅಂಗಡಿಯಲ್ಲಿ ಡಬ್ಬದಲ್ಲಿ ಬರೋ ಕ್ಯಾಲ್ಸಿಯಂ ಹೈಪೋ ಶೇ 65ರಿಂದ 70. ಕ್ಯಾನ್‌ನಲ್ಲಿ ಬರೋ ಸೋಡಿಯಂ ಹೈಪೋ ದ್ರವ ಶೇ 10ರಿಂದ 12. ನಿಮ್ಮ ಮಾತ್ರೆ ಶೇ 90. ಹಾಗಾಗಿ ಎಷ್ಟು ಪಿಪಿಎಂ ಏರಿಸಬೇಕೋ ಅದನ್ನು 33ರಿಂದ ಗುಣಿಸಿ, 0.30 ಅಥವಾ 0.65 ಅಥವಾ 0.10ರಿಂದ ಭಾಗಿಸಿ. ಪುಡಿಯಾದರೆ ಗ್ರಾಂ, ದ್ರವವಾದರೆ ಮಿಲಿಲೀಟರ್. ಇಷ್ಟೇ.

ಆ ಐದು ಕೆಜಿ ಸಲಹೆಯನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. 5,000 × 0.30 ÷ 33, ಸುಮಾರು 45 ಪಿಪಿಎಂ. ಅರ್ಧ ಕೆಜಿ ಅಂದರೆ ನಾಲ್ಕೂವರೆ. ಒಂದು ಅತಿ ಜಾಸ್ತಿ, ಇನ್ನೊಂದು ಪಾಚಿಗೆ ಕಚಗುಳಿ ಇಟ್ಟಂತೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ಟಿಸಿಸಿಎ ಮಾತ್ರೆಯಲ್ಲಿ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆ್ಯಸಿಡ್ ಇರುತ್ತೆ, ಅದನ್ನೇ ಸ್ಟೆಬಿಲೈಜರ್ ಅನ್ನೋದು. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಟ್ಟುಕೊಳ್ಳೋದು ಅದರ ಕೆಲಸ. ಸ್ವಲ್ಪ ಇದ್ದರೆ ಬಹಳ ಒಳ್ಳೆಯದು. ಆದರೆ ಕ್ಲೋರಿನ್ ಖರ್ಚಾಗುತ್ತೆ, ಇದು ಖರ್ಚಾಗಲ್ಲ, ನೀರು ಆವಿಯಾದರೂ ಇದು ಉಳಿದುಬಿಡುತ್ತೆ, ಮಾತ್ರೆ ಹಾಕಿದಷ್ಟೂ ಸೇರುತ್ತಾ ಹೋಗುತ್ತೆ. ಲೆಕ್ಕ ನೋಡಿ: ನಿಮ್ಮ ಒಂದು ಮಾತ್ರೆ ನೀರಿಗೆ ಸುಮಾರು 5.5 ಪಿಪಿಎಂ ಕ್ಲೋರಿನ್ ಕೊಡುತ್ತೆ. ಹತ್ತು ಕ್ಲೋರಿನ್‌ಗೆ ಸುಮಾರು ಆರರಂತೆ ಸ್ಟೆಬಿಲೈಜರ್ ಬರುತ್ತೆ. ಅಂದರೆ ಮಾತ್ರೆಗೆ 3.3. 36 ಮಾತ್ರೆಗೆ 118. ಬ್ಯಾಕ್‌ವಾಶ್‌ನಲ್ಲಿ (ನೀರು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯೋದು), ಮಳೆಯಲ್ಲಿ ತುಂಬಿ ಹರಿದು ಒಂದಷ್ಟು ಹೋಗಿರುತ್ತೆ. ಸದ್ಯಕ್ಕೆ 90 ಅಂತ ಅಂದಾಜು ಇಟ್ಟುಕೊಳ್ಳೋಣ. ಆದರೆ ಅಳೆಸಿ, ಅಂದಾಜಿನ ಮೇಲೆ ನಿಲ್ಲಬೇಡಿ. ಮೈಸೂರಿನಲ್ಲಿ ಪೂಲ್ ಸಾಮಾನು ಮಾರೋರ ಹತ್ತಿರ ಸ್ಟೆಬಿಲೈಜರ್ ಅಳೆಯೋ ಕಿಟ್ ಕೇಳಿ. ಔಷಧಿ ಬೆರೆಸಿದ ನೀರು ಹಾಲಿನ ಹಾಗೆ ಕದಡುತ್ತೆ, ಕೊಳವೆಯ ತಳದ ಕಪ್ಪು ಚುಕ್ಕೆ ಎಲ್ಲಿ ಮರೆಯಾಗುತ್ತೋ ಅಲ್ಲಿರೋ ಅಂಕಿಯೇ ಉತ್ತರ.

ಸ್ಟೆಬಿಲೈಜರ್ ಇಷ್ಟಿದ್ದರೆ 3 ಪಿಪಿಎಂ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಪಾಚಿ ಬಂದಾಗ ಕ್ಲೋರಿನ್ ಅನ್ನು ಸ್ಟೆಬಿಲೈಜರ್‌ನ ಶೇ 40ರಷ್ಟಕ್ಕೆ ಏರಿಸಬೇಕು, ಪೂಲ್ ನೋಡಿಕೊಳ್ಳೋರು ಬಳಸೋ ಲೆಕ್ಕ ಇದು. 90 ಇದ್ದರೆ 36 ಪಿಪಿಎಂ. ಈಗಿನ 3 ಕಳೆದರೆ 33 ಏರಿಸಬೇಕು. 33 × 33 ÷ 0.65, ಸುಮಾರು 1,675 ಗ್ರಾಂ ಕ್ಯಾಲ್ಸಿಯಂ ಹೈಪೋ, ಅದೂ ಮೊದಲ ಸಲಕ್ಕೆ ಮಾತ್ರ, ಆಮೇಲೆ ದಿನವೂ ಅಲ್ಲೇ ಹಿಡಿದು ನಿಲ್ಲಿಸಬೇಕು. ದುಡ್ಡೂ ದಂಡ, ನೀರೂ ಹಾಳು. ಅದಕ್ಕೇ ನಾನು ಹೇಳೋದು, ಮೊದಲು ನೀರು ಬದಲಾಯಿಸಿ.

ಆದರೆ ಪೂರ್ತಿ ಖಾಲಿ ಮಾಡಬೇಡಿ ಅಣ್ಣ, ಇದನ್ನು ದಯವಿಟ್ಟು ಕೇಳಿ. ನಿಮ್ಮ ತೋಟ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕ ಅಂದಿರಿ. ನಾಲೆಯಲ್ಲಿ ನೀರು ಹರಿದು ಗದ್ದೆ ತುಂಬಿತು ಅಂದರೆ ನೆಲದಡಿಯ ನೀರೂ ಮೇಲೆ ಬರುತ್ತೆ. ತುಂಬಿದ ಪೂಲ್‌ನ ಭಾರ ಅದನ್ನು ಒತ್ತಿ ಹಿಡಿದಿರುತ್ತೆ, ಖಾಲಿಯಾದರೆ ಕೆಳಗಿನ ನೀರು ತೊಟ್ಟಿಯನ್ನೇ ಮೇಲಕ್ಕೆ ಎತ್ತುತ್ತೆ, ತಳ ಬಿರುಕು ಬಿಡುತ್ತೆ. ಮೂರನೇ ಒಂದು ಭಾಗ ತೆಗೆಯಿರಿ, ತುಂಬಿಸಿ, ಪಂಪ್ ಓಡಿಸಿ ಬೆರೆಸಿ. ಇನ್ನೊಂದು ಸಲ ಹಾಗೇ ಮಾಡಿ. 90 ಇದ್ದದ್ದು 60 ಆಗಿ ಆಮೇಲೆ 40ಕ್ಕೆ ಬರುತ್ತೆ. ತೆಗೆದ ನೀರನ್ನು ನೇರವಾಗಿ ಸಸಿ ಮಡಿಗೆ, ಮೀನಿರೋ ಕಟ್ಟೆಗೆ ಬಿಡಬೇಡಿ. ತುಂಬಿಸಲು ನಾಲೆ ನೀರು ಬೇಡ, ಅದರಲ್ಲಿರೋ ಕೆಸರು, ಎಲೆ, ಗೊಬ್ಬರದ ಅಂಶವೇ ಅರ್ಧ ಕ್ಲೋರಿನ್ ತಿಂದುಹಾಕುತ್ತೆ. ಬೋರ್ ನೀರು ಗಡಸಾದರೂ ಪರವಾಗಿಲ್ಲ. ಕ್ಲೋರಿನ್ ಬಿದ್ದ ಕೂಡಲೇ ಬೋರ್ ನೀರು ಟೀ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಕಬ್ಬಿಣದ ಅಂಶ, ಫಿಲ್ಟರ್ ಹಿಡಿಯುತ್ತೆ.

ಇನ್ನೊಂದು ಮಾತು, ಮೈಲುತುತ್ತ ಹಾಕಿದರೆ ಪಾಚಿ ಹೋಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ, ತೋಟದ ಮನೆಯಲ್ಲಿ ಅದು ಇದ್ದೇ ಇರುತ್ತೆ ಅಲ್ವಾ. ಹಾಕಬೇಡಿ. ಆ ತಾಮ್ರ ನೀರಲ್ಲೇ ಉಳಿದು, ಕ್ಲೋರಿನ್ ಏರಿಸಿದಾಗ ಗೋಡೆ ಮೇಲೆ ಕಲೆಯಾಗಿ ಕೂರುತ್ತೆ.

ಸ್ಟೆಬಿಲೈಜರ್ 40ಕ್ಕೆ ಬಂದ ಮೇಲೆ ಶಾಕ್ (ಪಾಚಿ ಸಾಯಲು ಒಮ್ಮೆಗೇ ಕ್ಲೋರಿನ್ ಏರಿಸೋದು) ಮಟ್ಟ 16 ಪಿಪಿಎಂ, ಅಂದರೆ 40ರ ಶೇ 40. ಅಷ್ಟರಲ್ಲಿ ಹಳೆ ಕ್ಲೋರಿನ್ ಸೊನ್ನೆಗೆ ಬಂದಿರುತ್ತೆ. 33 × 16 ÷ 0.65, ಅಂದರೆ 812 ಗ್ರಾಂ ಕ್ಯಾಲ್ಸಿಯಂ ಹೈಪೋ. ಬ್ಲೀಚಿಂಗ್ ಪೌಡರ್ ಆದರೆ 1,760 ಗ್ರಾಂ. ದ್ರವ ಆದರೆ ಐದೂಕಾಲು ಲೀಟರ್. ನನ್ನ ಕೇಳಿದರೆ ದ್ರವ ವಾಸಿ, ಯಾಕಂದರೆ ನಿಮ್ಮ ಬೋರ್ ನೀರಿನಲ್ಲಿ ಮೊದಲೇ ಸುಣ್ಣದ ಅಂಶ ಜಾಸ್ತಿ, ಪುಡಿ ಇನ್ನಷ್ಟು ಸೇರಿಸುತ್ತೆ. ಆದರೆ ಕ್ಯಾನ್ ಅಂಗಡಿ ಮುಂದೆ ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಶಕ್ತಿ ಇಳಿದಿರುತ್ತೆ, ತಯಾರಾದ ದಿನಾಂಕ ನೋಡಿ ತನ್ನಿ. ಬ್ಲೀಚಿಂಗ್ ಪೌಡರ್ ಚೀಲವೂ ಹಾಗೇ, ಬಾಯಿ ಬಿಚ್ಚಿಟ್ಟು ಮಳೆಗಾಲ ಕಳೆದ ಪುಡಿ ಬರೀ ಸುಣ್ಣ. ಅದೇ ಗತಿ ಅನ್ನೋದಾದರೆ ಪ್ಲಾಸ್ಟಿಕ್ ಬಕೆಟ್ ತುಂಬ ನೀರು ಹಿಡಿದು, ಸ್ವಲ್ಪ ಸ್ವಲ್ಪ ಪುಡಿ ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ಮಾತ್ರ ಸುರಿಯಿರಿ, ತಳದ ಗಸಿ ಬೇಡ.

ಶಾಕ್‌ಗೆ ಮೊದಲು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅನ್ನು ಆ್ಯಸಿಡ್ ಹಾಕಿ 7.2ಕ್ಕೆ ಇಳಿಸಿ. ಸ್ಟೆಬಿಲೈಜರ್ ಇಲ್ಲದ ನೀರಲ್ಲಿ 7.2 ಇದ್ದಾಗ ಕ್ಲೋರಿನ್‌ನ ಮೂರರಲ್ಲಿ ಎರಡು ಭಾಗ ಚುರುಕಾಗಿರುತ್ತೆ, 8ಕ್ಕೆ ಹೋದರೆ ನಾಲ್ಕರಲ್ಲಿ ಒಂದು ಭಾಗವೂ ಕಷ್ಟ. ಮೇಲಾಗಿ ಗಡಸು ನೀರಿನಲ್ಲಿ ಪಿಎಚ್ ಏರಿದ್ದರೆ ಪೂಲ್ ಪೂರ್ತಿ ಸುಣ್ಣದ ತಿಳಿ ಕದಡಿದ ಹಾಗೆ ಬೆಳ್ಳಗಾಗುತ್ತೆ. ಆ್ಯಸಿಡ್ ಬೆಳಗ್ಗೆ ಹಾಕಿ, ಪಂಪ್ ಓಡಲಿ, ಕ್ಲೋರಿನ್ ಸಂಜೆಗೆ. ಒಟ್ಟಿಗೆ ಬೇಡವೇ ಬೇಡ, ಒಂದೇ ಬಕೆಟ್ ಕೂಡ ಬೇಡ, ವಿಷದ ಗಾಳಿ ಏಳುತ್ತೆ. ಕ್ಲೋರಿನ್ ಏರಿದ ಮೇಲೆ ಪಿಎಚ್ ನೋಡಬೇಡಿ, ಬಣ್ಣ ಸುಳ್ಳು ಹೇಳುತ್ತೆ.

ಸೂರ್ಯ ಮುಳುಗಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಒಳಗೆ ಬರೋ ಬಾಯಿಯ ಮುಂದೆ ನಿಧಾನಕ್ಕೆ ಸುರಿಯಿರಿ. ಗಾಳಿ ಬೆನ್ನಿಗೆ ಇರಲಿ. ಆಮೇಲೆ ಗೋಡೆ, ಮೂಲೆ, ಏಣಿಯ ಹಿಂಭಾಗ ಬ್ರಷ್ ಹಾಕಿ ಉಜ್ಜಿ, ಪಾಚಿಯ ಮೇಲಿನ ಲೋಳೆ ಕಿತ್ತು ಬರದೇ ಕ್ಲೋರಿನ್ ಒಳಗೆ ಇಳಿಯಲ್ಲ. ಪಂಪ್ ರಾತ್ರಿ ಪೂರ್ತಿ ಓಡಬೇಕು, ತ್ರೀ ಫೇಸ್ ನಂಬಿಕೊಂಡರೆ ಆಗಲ್ಲ, ಸಿಂಗಲ್ ಫೇಸ್ ಮೋಟರ್ ಇದ್ದರೆ ಒಳ್ಳೆಯದು.

ಅಳತೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮದು ಹಳದಿ ಬಣ್ಣ ಬರೋ ಕಿಟ್. ಅದು ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತೆ, ಕೆಲಸ ಮಾಡೋದು ಎಷ್ಟು, ಕೊಳೆ ಜೊತೆ ಸೇರಿ ಸತ್ತಿರೋದು ಎಷ್ಟು ಅಂತ ಬೇರೆ ಮಾಡಲ್ಲ. ಗುಲಾಬಿ ಬಣ್ಣ ಬರೋ ಡಿಪಿಡಿ ಕಿಟ್ ತಗೊಳ್ಳಿ. ಅದರಲ್ಲೂ ಒಂದು ಮೋಸ ಇದೆ. ನಾಲ್ಕು ವರ್ಷದ ಹಿಂದೆ ದಸರಾ ರಜೆಗೆ ಮಕ್ಕಳು ಬರುತ್ತಾರೆ ಅಂತ ಶಾಕ್ ಕೊಟ್ಟೆ. ಟಾರ್ಚ್ ಬೆಳಕಲ್ಲಿ ಕೊಳವೆ ಹಿಡಿದು ಮಾತ್ರೆ ಹಾಕಿದರೆ, ಒಂದು ಗಳಿಗೆ ದಾಸವಾಳದ ಹಾಗೆ ಗುಲಾಬಿ ಮಿಂಚಿತು, ಎರಡು ಸಲ ಅಲ್ಲಾಡಿಸೋಷ್ಟರಲ್ಲಿ ಬರೀ ನೀರು. ಕ್ಲೋರಿನ್ ಸೊನ್ನೆ ಅಂದುಕೊಂಡು ಇನ್ನೊಂದು ಕೆಜಿ ಹಾಕಿದೆ. ನಿಜವಾಗಿ ಆಗಿದ್ದು ಏನೆಂದರೆ, ಕ್ಲೋರಿನ್ ಅತಿಯಾಗಿ ಬಣ್ಣವನ್ನೇ ಸುಟ್ಟಿತ್ತು. ಮಕ್ಕಳು ಐದು ದಿನ ದಡದಲ್ಲೇ ಕೂತರು. ಅದಕ್ಕೆ ಹೀಗೆ ಮಾಡಿ: ಸೂಜಿ ಇಲ್ಲದ ಸಿರಿಂಜ್‌ನಲ್ಲಿ 2 ಮಿಲಿ ಪೂಲ್ ನೀರು, 8 ಮಿಲಿ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಬಂದ ಅಂಕಿಯನ್ನು ಐದರಿಂದ ಗುಣಿಸಿ. 16 ಇದ್ದರೆ 3.2 ಕಾಣಬೇಕು.

ಬೆಳಗ್ಗೆ ಎದ್ದು ಬಿಸಿಲು ಬೀಳೋ ಮೊದಲು ಅಳೆಯಿರಿ. 7ಕ್ಕೆ ಇಳಿದಿದ್ದರೆ 9 ಏರಿಸಬೇಕು, 33 × 9 ÷ 0.65, ಸುಮಾರು 460 ಗ್ರಾಂ. ಸಂಜೆ ಮತ್ತೆ ಅಳೆದು ಮತ್ತೆ 16ಕ್ಕೆ ತನ್ನಿ. ಜನ ಸೋಲೋದು ಇಲ್ಲೇ, ಒಂದು ಸಲ ಹಾಕಿ ಕೈ ತೊಳೆದುಕೊಂಡರೆ ಮೂರನೇ ದಿನ ಪಾಚಿ ವಾಪಸ್ ಬರುತ್ತೆ. ಹಸಿರು ಹೋಗಿ ನೀರು ಬೂದು ಬೂದಾಗುತ್ತೆ, ಅದು ಸತ್ತ ಪಾಚಿ. ಮರಳಿನ ಫಿಲ್ಟರ್‌ನ ಗೇಜ್ ಏರಿದಾಗೆಲ್ಲ ಬ್ಯಾಕ್‌ವಾಶ್ ಮಾಡಿ. ನೀರು ತಿಳಿಯಾಗಬೇಕು, ಕೊಳೆ ಜೊತೆ ಸೇರಿಹೋದ ಕ್ಲೋರಿನ್ ಅರ್ಧ ಪಿಪಿಎಂ ಒಳಗಿರಬೇಕು, ರಾತ್ರಿಯಿಂದ ಬೆಳಗ್ಗೆಗೆ ಒಂದು ಪಿಪಿಎಂಗಿಂತ ಜಾಸ್ತಿ ಇಳಿಯಬಾರದು. ಮೂರೂ ಆದರೆ ಮುಗೀತು. ಕ್ಲೋರಿನ್ 5ಕ್ಕಿಂತ ಕೆಳಗೆ ಬಂದು, ಆಳದ ಕಡೆ ತಳದ ಜಾಲರಿ ಚೆನ್ನಾಗಿ ಕಾಣೋವರೆಗೆ ಯಾರನ್ನೂ ಇಳಿಸಬೇಡಿ. ಹಸಿರು ನೀರಲ್ಲಿ ಮಗು ಮುಳುಗಿದರೆ ಕಾಣೋದೇ ಇಲ್ಲ. ಈಗಲೇ ಸುತ್ತ ಹಗ್ಗ ಕಟ್ಟಿ.

ಕೊನೆಗೆ ಗೋಡೌನ್. ನಿಮ್ಮ ಹತ್ತಿರ ಉಳಿದಿರೋ ಟಿಸಿಸಿಎ ಮಾತ್ರೆಯೂ ಹೊಸದಾಗಿ ತರೋ ಪುಡಿಯೂ ಒಂದಕ್ಕೊಂದು ತಾಗಬಾರದು. ಒಂದೇ ಮಗ್ ಎರಡಕ್ಕೂ ಬಳಸಬಾರದು, ಮಾತ್ರೆ ಇಟ್ಟಿದ್ದ ತೇಲೋ ಡಬ್ಬಿಗೆ ಪುಡಿ ತುಂಬಲೇಬಾರದು. ಬೆರೆತು ಒದ್ದೆಯಾದರೆ ಬೆಂಕಿ ಹತ್ತುತ್ತೆ, ಸಿಡಿಯುತ್ತೆ. ಯೂರಿಯ ಚೀಲ, ಡೀಸೆಲ್ ಕ್ಯಾನ್, ಗ್ರೀಸ್ ಇರೋ ಮೂಲೆಯಲ್ಲಿ ಕ್ಲೋರಿನ್ ಪುಡಿ ಇಡಬೇಡಿ. ತೋಟದ ಮನೆಗಳಲ್ಲಿ ಎಲ್ಲವನ್ನೂ ಒಂದೇ ಕೋಣೆಗೆ ನೂಕಿರುತ್ತೇವೆ, ನನಗೆ ಅದೇ ದೊಡ್ಡ ಭಯ. ಯಾವಾಗಲೂ ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಬೇಡ.

ಇದಾದ ಮೇಲೆ ಮಾತ್ರೆ ಊರಿಗೆ ಹೋಗೋ ವಾರಕ್ಕೆ ಇಟ್ಟುಕೊಳ್ಳಿ. ದಿನನಿತ್ಯಕ್ಕೆ ಸಂಜೆ ಸಂಜೆ ದ್ರವ ಹಾಕಿ 4ರಿಂದ 5 ಪಿಪಿಎಂ ಕಾಯಿರಿ. ದಿನಕ್ಕೆ 3 ಇಳಿಯುತ್ತೆ ಅಂದರೆ ಶೇ 10ರ ದ್ರವ ಒಂದು ಲೀಟರ್ ಸಾಕು.

ಕೋಲು ಇಳಿಸಿದ ಅಳತೆ, ಸ್ಟೆಬಿಲೈಜರ್ ಅಂಕಿ, ಕ್ಯಾನ್ ಮೇಲಿನ ಶೇಕಡ ಮತ್ತು ದಿನಾಂಕ, ಈ ನಾಲ್ಕನ್ನು ಇಲ್ಲೇ ಹಾಕಿ ಅಣ್ಣ. ಅಂದಾಜಿನ 90 ಬದಲು ನಿಜವಾದ ಅಂಕಿ ಇಟ್ಟು ಮತ್ತೊಮ್ಮೆ ಲೆಕ್ಕ ಮಾಡಿ ಕೊಡುತ್ತೇನೆ. ಅಲ್ಲಿವರೆಗೆ ಚೀಲ ಬಿಚ್ಚಬೇಡಿ.